ಕಿವಿಗೊಡು

ಅರವತ್ತೇಳರ ವೋಲ್ವೊ. ಬಣ್ಣ ಒಂದು ಕಾಲಕ್ಕೆ ಕೆನೆ.
ಎಂಜಿನ್ ಇದರದ್ದಲ್ಲ; ಇಪ್ಪತ್ತು ವರ್ಷ ಕಿರಿಯ
ಇನ್ನೊಂದು ಕಾರಿನ ಎದೆಯಿಂದ ಕಿತ್ತು ತಂದದ್ದು.
ಟರ್ಬೊ, ಗುಜರಿಯ ಹಾಲ್ವಾರನಿಗೆ ಮೂಸಿನ ತೊಡೆ ಕೊಟ್ಟು ಪಡೆದದ್ದು.

ಲಿಕ್ಸೆಲೆಯಲ್ಲಿ ಈ ರಾತ್ರಿ ಸೊನ್ನೆಗಿಂತ ಒಂಬತ್ತು ಕೆಳಗೆ.
ಹಿಮ ಇನ್ನೂ ಬಿದ್ದಿಲ್ಲ, ರಸ್ತೆ ಒಣಗಿ ಬಿಗಿದಿದೆ.
ಚಳಿಗೆ ಗಾಳಿ ಮೊಸರಿನ ಹಾಗೆ ಗಟ್ಟಿ:
ಅದೇ ಕೊಳವೆ, ಅದೇ ಒತ್ತಡ, ಉಸಿರು ಮಾತ್ರ ಹೆಚ್ಚು.
ಬೇಸಿಗೆಯಲ್ಲಿ ಬರೆದ ಲೆಕ್ಕವೆಲ್ಲ ಸುಳ್ಳು.
ಪೆಟ್ರೋಲು ಸಾಲದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ
ಅಪ್ಪನ ಮೇಜಿನ ಮೇಲಿದೆ: ಹೋದ ವರ್ಷದ ಮೂರನೆಯ ಪಿಸ್ಟನ್,
ನೆತ್ತಿ ಕರಗಿ ತೂತು.
ಬೋರಲು ಹಾಕಿ ಪೆನ್ಸಿಲ್ ಇಟ್ಟುಕೊಂಡಿದ್ದಾನೆ.
ಎತ್ತಿದರೆ ಎಲ್ಲ ಕೆಳಗೆ.

ಮೂವತ್ತೊಂದು ವರ್ಷ ಮರದ ದಿಮ್ಮಿಯ ಲಾರಿ ಓಡಿಸಿದವನು.
ಆಗ ಕಂಪ್ಯೂಟರ್ ಎಲ್ಲಿತ್ತು,
ಎಂಜಿನ್ನಿನ ಒಡಲಿಗೆ ತಾಮ್ರದ ನಳಿಗೆ ಬಿಗಿದು
ರಬ್ಬರ್ ಕೊಳವೆಯ ತುದಿಯನ್ನು ಕಿವಿಮುಚ್ಚುಗಕ್ಕೆ ಸಿಕ್ಕಿಸಿ
ಡಾಕ್ಟರನ ಹಾಗೆ ಕೂತು ಕೇಳುತ್ತಿದ್ದ.
ಊರ ಹುಡುಗರು ಸಾಲುಗಟ್ಟುತ್ತಿದ್ದರು:
ಎವರ್ಟ್, ನಂದೂ ಒಂಚೂರು ನೋಡು.
ಕಿಡಿ ಬೇಗ ಹಾರಿದರೆ ಒಳಗೊಂದು ಸದ್ದು ಬರುತ್ತದೆ,
ಕೆರೆಯ ಎಳೆ ಹೆಪ್ಪಿನ ಮೇಲೆ ಚಪ್ಪಟೆ ಕಲ್ಲು ಜಾರಿಬಿಟ್ಟ ಹಾಗೆ,
ಕಿಣ್, ಕಿಣ್.
ಅದು ಕೇಳಿದರೆ ಕಾಲು ತೆಗೆ, ಅನ್ನುತ್ತಿದ್ದ.
ಮೊದಲು ಕಾಲು, ಆಮೇಲೆ ಯೋಚನೆ.

ಆಗಸ್ಟಿನಲ್ಲಿ ಕಿವಿ ಪರೀಕ್ಷೆಗೆ ಹೋಗಿ ಬಂದ.
ಕಾಗದದ ಮೇಲೆ ಗೆರೆ ನೆಟ್ಟಗೆ ನಡೆದು
ನಾಲ್ಕು ಸಾವಿರದಲ್ಲಿ ಕಾಲು ಜಾರಿ ಬಿದ್ದಿತ್ತು.
ಆ ಸದ್ದು ಇರುವುದು ಆರು ಸಾವಿರದ ಆಸುಪಾಸು.
ನನ್ನ ಲ್ಯಾಪ್‌ಟಾಪಿನ ಪಕ್ಕ ಕಾಗದ ಹರವಿ ಹೇಳಿದ:
‘ಇಲ್ಲಿಂದಾಚೆ ನನ್ನ ಟೈಮಿಂಗನ್ನೆಲ್ಲ ತೆಗೆದುಬಿಟ್ಟಿದ್ದಾರೆ, ಟೂರಾ.’
ನಕ್ಕೆ. ನಗಲಿ ಎಂದೇ ಕಾಯುತ್ತಿದ್ದ.

ಈಗ ಕಿವಿಮುಚ್ಚುಗ ನನ್ನ ತಲೆಗೆ.
ಟೇಪು ಸುತ್ತಿ ನನ್ನಳತೆಗೆ ತಂದಿದ್ದಾನೆ.
ಅವನು ಸ್ಟೀರಿಂಗಿಗೆ. ನನ್ನ ತೊಡೆಯ ಮೇಲೆ
ಡಿಗ್ರಿಗಳ ಚೌಕಾಬಾರದ ಮನೆಗಳು.
ಮೂರನೆಯ ಗೇರು. ಎರಡೂವರೆ ಸಾವಿರ:
ಟರ್ಬೊ ಇನ್ನೂ ನಿದ್ದೆಗಣ್ಣಲ್ಲಿ.
ಮೂರು: ಎಲ್ಲೋ ಆಳದಲ್ಲಿ ಒಂದು ಸುಯ್ಲು.
ಮೂರೂವರೆ: ಬೆನ್ನಿಗೆ ಅಂಗೈಯಿಟ್ಟು ಯಾರೋ ನೂಕಿದರು.
ಪೈನ್ ಮರಗಳೆಲ್ಲ ಸೇರಿ ಒಂದೇ ಗೋಡೆ.
ಒತ್ತಡದ ಮುಳ್ಳು ಹೇಳಿದಲ್ಲಿ ನಿಂತಿತು,
ಮಿಶ್ರಣ ಹದವಾಗಿದೆ, ಪರದೆ ಪೂರ್ತಿ ಹಸಿರು.
ಅಪ್ಪ ಹಲ್ಲು ಬಿಟ್ಟುಕೊಂಡು ಕೂಗುತ್ತಿದ್ದಾನೆ,
‘ಇನ್ನೊಂದು ಡಿಗ್ರಿ ತಳ್ಳೋಣ್ವಾ?’

ಕಿಣ್.

ಒಂದೇ ಒಂದು. ಇತ್ತೋ, ಇಲ್ಲವೋ.
ಸಡಿಲ ಕ್ಲಾಂಪಿರಬಹುದು, ಟೈರು ಎಗರಿಸಿದ ಹರಳಿರಬಹುದು.
ಪರದೆಗೆ ಗೊತ್ತಿಲ್ಲ.
ನನ್ನ ಕೈ ಪೂರ್ತಿ ಏಳುವ ಮೊದಲೇ
ಅವನ ಕಾಲು ಮೇಲಿತ್ತು.
ಏನಾಯಿತು ಅಂತ ಕೇಳಲಿಲ್ಲ.

ಬಸ್ ತಂಗುದಾಣದ ದೀಪದಡಿ ಬಾನೆಟ್ ಎತ್ತಿ
ಪ್ಲಗ್ಗುಗಳನ್ನು ಒಂದೊಂದೇ ಬಿಚ್ಚಿದ.
ಟಾರ್ಚು ಹಲ್ಲಲ್ಲಿ, ಕೈಯಲ್ಲಿ ಭೂತಗನ್ನಡಿ.
ಒಂದು, ಎರಡು: ಹಾಲು ಹೆಚ್ಚಾದ ಕಾಫಿ.
ಮೂರನೆಯದರ ಪಿಂಗಾಣಿಯ ಮೇಲೆ
ಬೆಳ್ಳಿಯದೊಂದು ಚುಕ್ಕೆ, ಸೂಜಿಮೊನೆಯಷ್ಟು,
ಪಿಸ್ಟನ್ನಿನ ನೆತ್ತಿಯಿಂದ ಎದ್ದು ಬಂದದ್ದು.
ಬಹಳ ಹೊತ್ತು ನೋಡಿದ.
ಆಮೇಲೆ ಬಿಸಿ ಪ್ಲಗ್ಗನ್ನು ಕೈಗವಸಿನಲ್ಲಿ ಸುತ್ತಿ
ನನ್ನ ಕೈಗೆ ದಾಟಿಸಿದ:
‘ತಗೋ. ನಿನಗೆ ಕೇಳಿಸಿದ್ದು ಇದು.’

ಎರಡು ಡಿಗ್ರಿ ಹಿಂದಕ್ಕೆ ತೆಗೆದೆ. ಬೆರಳು ಮರಗಟ್ಟಿ
ಮೂರು ಸಲ ತಪ್ಪು ಕೀಲಿ ಒತ್ತಿದೆ.
ಮರಗಳಾಚೆ ಕೆರೆ ಹೆಪ್ಪುಗಟ್ಟುತ್ತ ಸಣ್ಣಗೆ ಸಿಳ್ಳು ಹಾಕಿತು.
ತಿರುಗಿ ನೋಡಿದವಳು ನಾನೊಬ್ಬಳೇ.
ಅಪ್ಪ ಜೇಬುಗಳನ್ನೆಲ್ಲ ತಡಕುತ್ತಿದ್ದ,
ನಾಲ್ಕನೆಯ ಪ್ಲಗ್ ಎಲ್ಲಿಟ್ಟೆ ಎಂದು.