ಲ ಖಲಾಸ್

ಇನಾಸ ಕನ್ನಡ ಕಲಿತದ್ದು ತಲೆಕೆಳಗಾಗಿ.
ಮನೆಮಾತು ಕೊಂಕಣಿ, ಶಾಲೆ ಅರ್ಧಕ್ಕೆ ಬಿಟ್ಟು
ಸೀದಾ ಕೋಡಿಬಾಗದ ಪ್ರೆಸ್ಸಿಗೆ ಬಂದವನು.
ಸ್ಟಿಕ್ಕಿನಲ್ಲಿ ಕೂತ ಮೊಳೆಗಳನ್ನು ಸರಸರ ಓದುವನು,
ಅದೇ ಸಾಲು ಅಚ್ಚಾಗಿ ಬಂದರೆ
ಬೆರಳಿಟ್ಟು ತಡವರಿಸುವನು.

ನಾನು ಡ್ರಾಯಿಂಗ್ ಅಕ್ಕೋರು. ಸಂಜೆ ಐದರ ಮೇಲೆ
ಹದಿನಾರು ಪುಟದ ನಮ್ಮ 'ಚಿಪ್ಪಿ'ಗೆ
ಅಂಚು ಎಷ್ಟು, ಸಾಲಿನ ನಡುವೆ ಗಾಳಿ ಎಷ್ಟು ಎಂದು
ಪೆನ್ಸಿಲಿನಲ್ಲಿ ಗೆರೆ ಎಳೆದು ಕೊಡುವವಳು.
ಗಾಳಿ ಅಂದದ್ದು ನಾನು.
ಇನಾಸನಿಗೆ ಅದು ಸೀಸ.
"ಖಾಲಿ ಬಿಡೋದು ಅಂದ್ರೆ ಬಿಡೋದಲ್ಲ ಅಕ್ಕೋರೇ,
ತುಂಬೋದು."
ಅಕ್ಷರಕ್ಕಿಂತ ಗಿಡ್ಡ ಸೀಸದ ತುಂಡುಗಳನ್ನು
ಒಂದೊಂದೇ ಇಟ್ಟು ಬಿಗಿದರೆ
ಮಸಿ ತಾಗದೆ ಅಷ್ಟು ಜಾಗ ಬೆಳ್ಳಗೆ.
ಕವಿತೆಯ ಪುಟವೇ ಜಾಸ್ತಿ ಭಾರ ಎಂದು ದೂರುತ್ತಿದ್ದ.
ನಿಜವಿರಲಿಕ್ಕಿಲ್ಲ.

ಆ ಮೇ ತಿಂಗಳು ಹಮ್ಮಣ್ಣ ಬಂದ,
ದೇವಳಮಕ್ಕಿ ಬಸ್ಸಿನ ಕಂಡಕ್ಟರು.
ವೇಬಿಲ್ಲಿನ ಬೆನ್ನಿಗೆ ಬರೆದಿದ್ದ ಕವಿತೆ:
ಅಲೆಯಿಂದ ಅ ಕಿತ್ತಿದ್ದ,
ಲೆಯಿಂದ ಎತ್ವ ಕಿತ್ತಿದ್ದ,

      ಲ  ಲ  ಲ  ಲ  ಲ  ಲ  ಲ
   ಲ  ಲ  ಲ      ಳ      ಲ  ಲ
         ಲ  ಲ  ಲ  ಲ  ಲ  ಲ  ಲ

ಹೀಗೆ ಕೆಳಗಿಳಿಯುತ್ತ ನಲವತ್ತಾರು.
"ತಲೆಕಟ್ಟಿಲ್ಲ ನೋಡಿ ಇದಕ್ಕೆ, ಬೋಳು, ನೀರಿನ ಹಾಗೆ.
ನಡುವಿನ ಳ ದೋಣಿ."
ದೋಣಿಯಲ್ಲಿ ಯಾರು, ಕೇಳಿದೆ.
"ಚಿಲ್ಲರೆ ಕೊಡದವರು."

ಇನಾಸ ಕೇಸಿನ ಮನೆಗೆ ಬೆರಳು ಹಾಕಿದ, ತಳ ತಾಗಿತು.
ಲಿ ಇದೆ, ಲೆ ಇದೆ, ಒತ್ತು ಬೇಕಾದಷ್ಟಿದೆ,
ಬರೀ ಲ ಮೂವತ್ತೊಂದೇ.
"ಲ ಖಲಾಸ್."

ಪ್ರೂಫು ಬಂತು. ಇಲ್ಲದ ಲ ಇರಬೇಕಾದಲ್ಲಿ
ಬೇರೆ ಮೊಳೆ ತಲೆಕೆಳಗಾಗಿ ನೆಟ್ಟಿದ್ದ, ಕಸುಬಿನ ರೂಢಿ.
ಕಾಲಿಗೆ ಮಸಿ ಹತ್ತಿ

      ಲ  ಲ  ▪▪  ಲ  ▪▪  ▪▪  ಲ

ನನ್ನ ಕಣ್ಣು ಅಲ್ಲೇ ನಿಂತಿತು:
ಇಳಿತದ ಹೊತ್ತು ಕಾಳಿಯ ಬಾಯಲ್ಲಿ
ನೀರು ಬಿಟ್ಟುಕೊಟ್ಟ ಬಲೆಗೂಟಗಳು!
ಇರಲಿ ಇನಾಸ, ಹೀಗೇ ಅಚ್ಚು ಹಾಕು ಅಂದೆ.
ಅವನ ಮಗನನ್ನು ಫೇಲು ಮಾಡಿದವಳನ್ನು ನೋಡುವಂತೆ ನೋಡಿದ.
"ಇದು ಕಾಲು ಅಕ್ಕೋರೇ, ಮುಖ ಅಲ್ಲ.
ಕಾಲು ತೋರಿಸಿ ಪುಟ ಕಳಿಸೋದಿಲ್ಲ ನಾನು."

ಮರುದಿನ ಮೊದಲ ಬಸ್ಸಿಗೆ ಬಿಣಗಾ ಘಾಟು ದಾಟಿ ಕುಮಟೆಗೆ ಹೋದ.
ಸಂಜೆ ಬೆಂಕಿಪೆಟ್ಟಿಗೆ ತೆರೆದು ತೋರಿಸಿದ,
ಹದಿನೈದು ಲ, ಕೈಗಡ.
ಬಸ್ಸಿನ ದುಡ್ಡು ಕೇಳಲಿಲ್ಲ.
ನಾನೂ ಕೊಡಲಿಲ್ಲ, ಈಗ ನೆನಪಾಗುತ್ತಿದೆ.

ಆದರೆ ಕುಮಟೆಯ ಲ ಒಂದು ಕೂದಲು ದೊಡ್ಡದು.
ಬೀಡಿಕಟ್ಟಿನ ಕಾಗದ ಮಡಚಿ ಸಂದಿಗೆ ತುರುಕಿ,
ಕೊಂಕಣಿಯಲ್ಲಿ ಏನೋ ಬೈದು, ಮರದ ಸುತ್ತಿಗೆಯಿಂದ ತಟ್ಟಿ
ಕೂರಿಸಿದ.
ಹದಿನೈದು ಅಲೆ ಉಳಿದವಕ್ಕಿಂತ
ಎದ್ದೇ ಬಂದವು.
ಯಾರೂ ಗಮನಿಸಲಿಲ್ಲ. ಅಂಕೋಲೆಯ ಒಬ್ಬರು ಮಾತ್ರ
ಕಾರ್ಡು ಬರೆದರು:
ಮುದ್ರಣದೋಷ, ಪುಟ ಹನ್ನೊಂದು, ಪೂರ್ತಿ.

ಪ್ರೆಸ್ಸು ಮುಚ್ಚಿದಾಗ ಮೊಳೆ ಹೋದದ್ದು ಕಿಲೋ ಲೆಕ್ಕದಲ್ಲಿ.
ಬೈತಖೋಲದಲ್ಲಿ ಕರಗಿಸಿ
ಬಲೆಗೆ ಗುಂಡು ಎರೆದರಂತೆ.
ಅಂತೆ. ನಾನು ನೋಡಿಲ್ಲ.
ಇನಾಸನನ್ನು ಕೇಳೋಣವೆಂದರೆ ಅವನಿಲ್ಲ.

ಈಗ ಪರದೆಯ ಮೇಲೆ ಆ ಪುಟ ಮತ್ತೆ ಕಟ್ಟುತ್ತಿದ್ದೇನೆ.
ಒಂದು ಲ ಒತ್ತಿದೆ, ಉಳಿದವು ನಕಲು,
ನಲವತ್ತಾರೂ ಒಂದೇ ಎತ್ತರ. ಖಾಲಿ
ನಿಜಕ್ಕೂ ಖಾಲಿ, ಯಾರೂ ಏನೂ ಹೊರಬೇಕಿಲ್ಲ.
ಹದಿನೈದನ್ನು ಒಂದು ಕೂದಲು ದೊಡ್ಡದು ಮಾಡಬೇಕು.
ಯಾವ ಹದಿನೈದು?
ನನ್ನ ಪ್ರತಿಯ ಹನ್ನೊಂದನೆಯ ಪುಟ ಹುಳ ತಿಂದಿದೆ,
ಅದೂ ಎಷ್ಟು ಒಪ್ಪವಾಗಿ,
ಅಂಚು ಬಿಟ್ಟು.