ಸಣ್ಣ ಎಮ್, ದೊಡ್ಡ ಎಮ್

ಮಂಗೋರ ಗುಡ್ಡದ ಮ್ಯಾಲ ಕರೆಂಟ್ ಹೋಗಿ ತಾಸಾತು.
ಮೊಬೈಲ್ ಬ್ಯಾಟರಿ ಅಕ್ಕಿ ಡಬ್ಬಿಗೆ ಆನಿಸಿಟ್ಟು
ಮಗಳು ಬರಕೋತ ಕುಂತಾಳ.
ನಾಳೆ ಬೆರ್ನಡೀನ್ ಟೀಚರ್‌ಗೆ ತೋರಸಬೇಕಂತ:
ಕಾಮನ್ ನೌನ್‌ಗೆ ಒಂದು ಗೆರಿ, ಪ್ರಾಪರ್ ನೌನ್‌ಗೆ ಎರಡು.

'ಹಂಗಂದ್ರ ಏನಬೇ?' ಅಂದ್ನಿ, ತಾರ್ಲಿ ಹೆರಕೋತ.
'ದೋಣಿ ಅಂದ್ರ ಕಾಮನ್. ಎಲ್ಲಾ ದೋಣಿಗೂ ದೋಣಿ ಅಂತೀವಲ್ಲ.
ಸ್ಟೆಲ್ಲಾ ಮಾರಿಸ್ ಅಂದ್ರ ಪ್ರಾಪರ್.
ಆ ನೀಲಿ ದೋಣಿ ಒಂದಕ್ಕಷ್ಟ ಆ ಹೆಸರು.
ಹೆಸರಿದ್ದದ್ದಕ್ಕ ಮೊದಲ ಅಕ್ಷರ ದೊಡ್ಡದು.'

ನಾ ನಾಲ್ಕನೇತ್ತಾ ಕಲ್ತಾಕಿ, ಕನ್ನಡ ಸಾಲಿ.
ನಮ್ಮ ಅಕ್ಷರದಾಗ ದೊಡ್ಡದು ಸಣ್ಣದು ಇಲ್ಲೇ ಇಲ್ಲ.
ಗೌಡಗೂ ಅದ ಗ, ಗಡಿಗಿಗೂ ಅದ ಗ.
ಊರಾಗ ಇತ್ತು ಬಿಡು ಅದು, ಬೇಕಾದಷ್ಟು.
ಪಾಟಿ ಮ್ಯಾಲ ಇರಲಿಲ್ಲ.

ಗುಂಪಿಗೂ ಒಂದೊಂದು ಹೆಸರಂತ.
ಕುರಿಗೊಂದು, ಕೀಲಿಕೈ ಗೊಂಚಲಕ್ಕೊಂದು,
ಕೂಲಿಯವರಿಗೆ ಗ್ಯಾಂಗ್.
ಇದು ನನಗೂ ಗೊತ್ತೈತಿ, ಮುಕಾದಮ್ ಹಂಗ ಕರೀತಾನ,
'ಏ ಗ್ಯಾಂಗ್, ಮೂರನೇ ದಕ್ಕಿಗೆ ನಡೀರಿ.'
ಮೀನಿನ ಹಿಂಡಿಗೆ ಸ್ಕೂಲ್ ಅಂತಾರಂತ.
ಸ್ಕೂಲ್!
ಹಂಗಾದ್ರ ಹನ್ನೊಂದು ವರ್ಷಾತು
ಖಾರೆವಾಡ್ಯಾಗ ದಿನಾ ಮುಂಜಾನೆ
ನಾ ತಲಿ ಮ್ಯಾಲ ಸ್ಕೂಲ್ ಹೊತ್ತೀನಿ,
ಒಂದಿನಾನೂ ಒಳಗ ಹೋಗಿಲ್ಲ.
ಇಬ್ಬರೂ ನಕ್ಕಿವಿ. ಬಾಜೂ ಖೋಲ್ಯಾಗಿನ ಹಜರತಬಿ
'ಏನಾತ್ರೇ' ಅಂತ ತಗಡು ಬಡದಳು.

ಆಮ್ಯಾಲ ಎಣಸಾಕ ಬಾರದ್ದು: ಉಪ್ಪು, ನೀರು, ಬರ್ಫ.
'ಎಣಸ್ತೀವಲ್ಲಬೇ, ಇವತ್ತ ನಲವತ್ತಾರು ಲಾದಿ ಒಡದೀನಿ.'
'ಅದು ಲಾದಿ ಎಣಸಿದ್ದು ಯವ್ವಾ, ಬರ್ಫ ಅಲ್ಲ.'
ಸುಮ್ಮನಾದ್ನಿ. ಖರೆ ಐತಿ ಅದು.
ಪಗಾರನೂ ಲಾದಿಗೇ ಕೊಡತಾರ,
ಕರಗಿ ಹೋದದ್ದಕ್ಕ ಯಾರು ಕೊಡತಾರ?

ಕಣ್ಣಿಗೆ ಕಾಣದ್ದು, ಕೈಗೆ ಸಿಗದ್ದು ಬ್ಯಾರೆ ಜಾತಿ.
ಸಿಟ್ಟು, ಖುಷಿ, ಪೇಶನ್ಸ್.
'ಪೇಶನ್ಸ್ ಅಂದ್ರ ಸಹನಾ. ನನ್ನ ಹೆಸರ ಯವ್ವಾ!'
ಹೆಸರಿಡೂ ಮುಂದ ಅರ್ಥ ಕೇಳಿರಲಿಲ್ಲ ನಾ,
ಕಿವಿಗೆ ಚಂದ ಇತ್ತು.

ಪೆನ್ಸಿಲ್ ಬಾಯಾಗಿಟ್ಟು ಚೂರು ಹೊತ್ತು ಕುಂತಳು.
'ವಾಸನಿ ಯಾವ ನೌನ್?'
ನಾ ಏನ ಹೇಳಲಿ.
ಕಾಣೂದಿಲ್ಲ, ಸಿಗೂದಿಲ್ಲ, ಖರೆ.
ಆದ್ರ ಬೆಂಚಿನ ಮ್ಯಾಲ ಬಾಜೂ ಹುಡುಗಿ
ಗೇಣು ಸರದು ಕುಂದರತಾಳಂದ್ರ
ಏನೋ ಒಂದು ನಡುವ ಕುಂತೈತಲ್ಲ.
ನಿಂಬಿ ಸಿಪ್ಪಿ ತಗೊಂಡು ನನ್ನ ಕೈ ತಿಕ್ಕಿದ್ನಿ,
ಮುಂಜಾನೆ ಅಕಿ ಜಡಿ ಹಾಕೂ ಕೈ.

ಕಡೇ ಸಾಲು: ನನ್ನ ತಾಯಿ ಸಮುದ್ರದ ಹತ್ರ ಕೆಲಸ ಮಾಡತಾಳ.
ಮದರ್ ಕೆಳಗ ಒಂದ ಗೆರಿ ಎಳದಳು.
'ಒಂದ?'
'ನೀ ಕಾಮನ್ ಯವ್ವಾ. ಎಲ್ಲಾರಿಗೂ ಇರತಾರ.'

ಕಂತ್ರಾಟದಾರನ ಪಟ್ಟಿ ನೆನಪಾತು:
ಹೆಣ್ಣಾಳು ಹದಿನೇಳು. ಅಷ್ಟ, ಹೆಸರಿಲ್ಲ.
ಆಧಾರ ಕಾರ್ಡಿನಾಗ ಫಕೀರವ್ವಗ ಒಂದು ಒತ್ತು ಕಡಿಮಿ.
ಬಸ್ಸಿನಾಗ ಘಾಂಟಿ ಅಂತಾರ,
ಅದಕ್ಕಂತೂ ಸಣ್ಣಕ್ಷರನ ಇರಬೇಕು.

ನನ್ನ ಮಾರಿ ನೋಡಿ ಅಂದಳು,
'ತಡಿ, ಇನ್ನೊಂದು ನಿಯಮ ಐತಿ.
ನನ್ನ ಅವ್ವ, ಅವರ ಅವ್ವ ಅಂತ ಬರದ್ರ ಸಣ್ಣ ಎಮ್.
ಹಿಂದ ಏನೂ ಇಲ್ಲದ ಅವ್ವಾ ಅಂತ ಕರದ್ರ
ದೊಡ್ಡ ಎಮ್. ಹೆಸರಿನಂಗ.'

'ಹಂಗಾರ ಕರೀ' ಅಂದ್ನಿ.

ಕರದಳು. ಕತ್ತಲ್ಯಾಗ, ಜೋರಾಗಿ, ಮಜಾಕ್ಕ.
ತಗಡಿನ ಆಚೆಯಿಂದ ಹಜರತಬಿ 'ಏನ ಮಗಳ?' ಅಂದಳು,
ಕೆಳಗಿನ ಓಣ್ಯಾಗಿಂದ ಯಾರೋ 'ಬಂದ್ನಿ, ಬಂದ್ನಿ' ಅಂದ್ರು,
ನಾ ಓ ಅನ್ನೂದರಾಗ.
ಮಗಳು ಪೆನ್ಸಿಲ್ ಹಿಡಕೊಂಡು ಹಂಗ ಕುಂತಾಳ,
ಎಷ್ಟು ಗೆರಿ ಎಳೀಬೇಕಂತ ತಿಳೀದ.