ಎರಡು ಚುಕ್ಕೆ

ರಿಯೋನಿ ಹೊಳೆಯ ಸದ್ದು ಕೇಳುವ ಗ್ಯಾರೇಜು.
ನೆಲದಲ್ಲೊಂದು ಆಳೆತ್ತರದ ಗುಂಡಿ,
ಗುಂಡಿಯ ಮೇಲೆ ಎಪ್ಪತ್ತೊಂಬತ್ತರ ಝಿಗುಲಿ,
ಅದರ ಹೊಟ್ಟೆಯ ಕೆಳಗೆ ನಾನು:
ಕುತೈಸಿಯ ಔಷಧಿ ಅಂಗಡಿಯಲ್ಲಿ
ಮೂವತ್ತು ವರ್ಷ ಮಾತ್ರೆ ಎಣಿಸಿದವಳು.

ಬಿಚ್ಚುವಾಗ ಎಲ್ಲರೂ ಜಾಣರೇ.
ಗೇರ್‌ಬಾಕ್ಸು, ಕ್ಲಚ್ಚು, ಉದ್ದನೆಯ ಶಾಫ್ಟು
ಒಂದೊಂದನ್ನೂ ಹಳೆಯ ಪರದೆಯ ಮೇಲೆ ಮಲಗಿಸಿದೆ.
ನಟ್ಟುಗಳ ಡಬ್ಬಿಗೆ ಚೀಟಿ ಅಂಟಿಸಿದೆ.
ಊಟಕ್ಕೆ ಮುಂಚೆ, ಊಟದ ನಂತರ
ಎಂದು ಬರೆಯುವುದೊಂದು ಬಾಕಿ ಇತ್ತು.

ಜೋಡಿಸಲು ಹೊರಟರೆ
ಶಾಫ್ಟು ಅರ್ಧ ಬೆರಳು ಉದ್ದ!
ಬಿಚ್ಚಿಟ್ಟ ಕಬ್ಬಿಣ ಚಳಿಗಾಲದಲ್ಲಿ ಬೆಳೆಯುತ್ತದೆಯೇ?
ಹೊಸ ಬೇರಿಂಗನ್ನು ಬೈದೆ,
ಅದನ್ನು ಮಾರಿದ ಬೋಳುತಲೆಯವನನ್ನು ಬೈದೆ,
ಅವನ ಮೂರು ತಲೆಮಾರನ್ನೂ ಬಿಡಲಿಲ್ಲ.
ಪಕ್ಕದ ಶೆಡ್ಡಿನ ವಾಜಾ ಬಂದ. ಬಗ್ಗಿ ನೋಡಿದ.
ದಿಮ್ಮಿಗಳ ಮೇಲೆ ಏರಿಸಿಟ್ಟ ಗಾಡಿ,
ಗಾಳಿಯಲ್ಲಿ ಜೋತುಬಿದ್ದ ಹಿಂದಿನ ಆಕ್ಸಲ್ಲು.
"ನೇತಾಡುವವರ ಅಳತೆ ತೆಗೆಯಬಾರದು ಲಾಮಾರಾ,
ಮೊದಲು ಕಾಲ ಮೇಲೆ ನಿಲ್ಲಿಸು."
ನಿಲ್ಲಿಸಿದೆ. ಆಕ್ಸಲ್ಲು ಹಿಂದಕ್ಕೆ ಸರಿದು
ಜಾಗ ಬಿಟ್ಟಿತು, ಬಸ್ಸಿನಲ್ಲಿ ಮರ್ಯಾದಸ್ಥರು ಬಿಡುವ ಹಾಗೆ.

ಮರುದಿನ ರಬ್ಬರಿನ ಕಪ್ಲಿಂಗು.
ಆರು ತೂತು: ಮೂರು ಗೇರ್‌ಬಾಕ್ಸಿಗೆ, ಮೂರು ಶಾಫ್ಟಿಗೆ.
ಸುತ್ತ ಬಿಗಿದಿದ್ದ ತಗಡಿನ ಪಟ್ಟಿಯನ್ನು
ಪ್ಯಾಕಿಂಗ್ ಎಂದುಕೊಂಡು ಕತ್ತರಿಸಿ ಎಸೆದೆ.
ರಬ್ಬರು ನಿಟ್ಟುಸಿರು ಬಿಟ್ಟು ಅಗಲವಾಯಿತು,
ಒಂದು ಬೋಲ್ಟೂ ತನ್ನ ತೂತು ಕಾಣದಾಯಿತು.
ಕೊನೆಗೆ ನೀರಿನ ಪೈಪಿನ ಎರಡು ಕ್ಲಾಂಪು ಗಂಟುಹಾಕಿ
ಹಿಂಡಿ, ಹಿಂಡಿ, ಮೂರು ಗಂಟು ಬೀಳಿಸಿದೆ.
ನನ್ನ ಮದುವೆಗೂ ಇಷ್ಟು ಬೆವರಿರಲಿಲ್ಲ.

ಮೂರನೆಯ ದಿನ ತ್ಸ್ಖಾಲ್ತುಬೋ ರಸ್ತೆ.
ಐವತ್ತರ ತನಕ ಬೆಣ್ಣೆ.
ಅರವತ್ತಕ್ಕೆ ನಡುಕ ಹತ್ತಿತು.
ಬೂದಿ ತಟ್ಟೆಯ ಚಿಲ್ಲರೆ ಕುಣಿಯಿತು,
ಕನ್ನಡಿಯಲ್ಲಿ ಹಿಂದಿನ ಲಾರಿ ಎರಡಾಯಿತು.
ಅರವತ್ತಕ್ಕೆ ನಡುಕ ನನಗೂ ಇದೆ,
ಆದರೆ ಇದು ವಯಸ್ಸಿನದ್ದಲ್ಲ.

"ಗುರುತು ನೋಡಿ ಕೂಡಿಸಿದೆಯಾ?" ವಾಜಾ ಕೇಳಿದ.
ಯಾವ ಗುರುತು?
ಎರಡು ಸಂಜೆ ತಂತಿ ಬ್ರಷ್ಷಿನಲ್ಲಿ ಉಜ್ಜಿದ್ದೆ,
ಎರಡು ಕೈ ಕಪ್ಪು ಬಣ್ಣ ಬಳಿದಿದ್ದೆ,
ಯಾರೂ ಬಗ್ಗಿ ನೋಡದ ಜಾಗದಲ್ಲಿ
ಪಿಯಾನೋದಂತೆ ಮಿನುಗುತ್ತಿತ್ತು ಶಾಫ್ಟು.
ಅವನು ಏನೂ ಅನ್ನಲಿಲ್ಲ. ಬ್ಲೇಡು ಕೊಟ್ಟ.

ಹೆರೆದೆ.
ನನ್ನದೇ ಶ್ರದ್ಧೆ ಸಿಪ್ಪೆ ಸಿಪ್ಪೆಯಾಗಿ ಕಣ್ಣಿಗೆ ಬಿತ್ತು.
ಅದರಡಿ, ಮಧ್ಯದ ಕವಲಿನ ಮೇಲೊಂದು ಚುಕ್ಕೆ;
ಶಾಫ್ಟಿನ ಮೇಲಿನ್ನೊಂದು,
ಜಗಳವಾಡಿದವರಂತೆ ಅತ್ತ ಮುಖ ಮಾಡಿ.
ಉಳಿಯ ಮೊನೆಯಿಟ್ಟು ಸುತ್ತಿಗೆಯಲ್ಲಿ
ಒಂದೊಂದೇ ಪೆಟ್ಟು ಕೊಟ್ಟವರು ಯಾರೋ,
ನನಗಿಂತ ಮೊದಲು ಈ ಗುಂಡಿಯಲ್ಲೋ ಬೇರೆಲ್ಲೋ
ಕತ್ತು ಉಳುಕಿಸಿಕೊಂಡು ನಿಂತಿದ್ದವರು,
ಮುಂದೆ ಇನ್ನೊಬ್ಬರು ಇದನ್ನು ಬಿಚ್ಚುತ್ತಾರೆ
ಎಂದು ತಿಳಿದಿದ್ದವರು.

ಕಳಚಿ, ತಿರುಗಿಸಿ, ಹಲ್ಲಿಗೆ ಹಲ್ಲು ಕೂಡಿಸಿ
ಚುಕ್ಕೆಗೆ ಚುಕ್ಕೆ ಎದುರಾಗಿಸಿದೆ.

ಅರವತ್ತು. ಎಪ್ಪತ್ತು. ಚಿಲ್ಲರೆ ಮಲಗಿತ್ತು.
ಸತ್ತಿದೆ ಎಂದುಕೊಂಡಿದ್ದ ಡ್ಯಾಶಿನ ಗಡಿಯಾರ
ಟಿಕ್ ಅನ್ನುವುದು ಕೇಳಿತು.

ಹೆರೆದ ಜಾಗಕ್ಕೆ ಮತ್ತೆ ಕಪ್ಪು ಬಳಿಯಲಿಲ್ಲ.
ಅಂಗಡಿಯಿಂದ ತಂದ ಕೆಂಪು ಉಗುರುಬಣ್ಣವನ್ನು
ಎರಡೂ ಚುಕ್ಕೆಗೆ ದಪ್ಪಗೆ ಮೆತ್ತಿದೆ.
ಮುಂದೆ ಬಿಚ್ಚುವವರು ಯಾರೋ,
ಕನ್ನಡಕ ಮರೆತು ಬಂದಿರಬಹುದು.